ಒಲೆಯ ಮೇಲೆ ಕಟ್ಟಿದ ಕಾರ್ಡು

ಆ ವರ್ಷದ ಕಥೆಯನ್ನು ದಾವಣಗೆರೆಯ ವಿನೋಬನಗರದ ಅಂಚಿನ ಆ ಶಾಲೆಯಲ್ಲಿ ಎಲ್ಲರೂ ಒಂದೇ ರೀತಿ ಹೇಳುತ್ತಾರೆ. ಹರಿಹರದಿಂದ ಒಬ್ಬ ಅತಿಥಿ ಶಿಕ್ಷಕಿ ಬಂದಳು, ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಕಲಿಸಿದಳು, ಮಂಡಕ್ಕಿ ಹುರಿಯುವ ಭಟ್ಟಿಯವರ ಮಗಳು ತನ್ನ ಮನೆಯ ಹೊಗೆಯ ವಿರುದ್ಧ ತಾನೇ ವೇದಿಕೆ ಹತ್ತಿ ಮಾತಾಡಿ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಮೊದಲ ಬಹುಮಾನ ತಂದಳು, ಭಟ್ಟಿ ಮುಚ್ಚಿತು, ಓಣಿಯ ಗಾಳಿ ಚೊಕ್ಕವಾಯಿತು. ಮೊನ್ನೆ ಮುಖ್ಯ ಶಿಕ್ಷಕಿ ವಿಶಾಲಾಕ್ಷಮ್ಮ ಮೇಡಂ ನಿವೃತ್ತರಾದಾಗ, ಹಾಕಿಸಿಕೊಂಡ ಹಾರವನ್ನೂ ತೆಗೆಯದೆ ಮೈಕಿನ ಮುಂದೆ ನಿಂತು ಇದನ್ನು ಇನ್ನೊಮ್ಮೆ ಹೇಳಿದರು. ಹೇಳಿ, ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. "ಇವ್ರೇ ನೋಡ್ರಿ ಆ ಮಿಸ್ಸು" ಅಂದರು. ಜನ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದು ಬೇಗ ಕೂತೆ.

ಈ ಕಥೆಯಲ್ಲಿ ಸುಳ್ಳು ಎಷ್ಟಿದೆ ಎಂದು ನೋಡೋಣ. ನಾನು ಬಂದದ್ದು ನಿಜ. ಬಹುಮಾನ ನಿಜ. ಭಟ್ಟಿ ಮುಚ್ಚಿದ್ದೂ ನಿಜ. ಗಾಳಿ ಚೊಕ್ಕವಾಯಿತು ಅನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲದ ಸಂಗತಿ. ಯಾರೂ ಅಳೆದಿಲ್ಲ, ಮತ್ತು ಸ್ವಲ್ಪ ಆಚೆಗೆ ಬೇರೆ ಭಟ್ಟಿಗಳು ಈಗಲೂ ಬೆಳಗಾದರೆ ಹೊಗೆಯಾಡುತ್ತವೆ. ಆದರೆ ನನ್ನ ದೊಡ್ಡ ತಕರಾರು ಅದಲ್ಲ. 'ಪ್ರಶ್ನೆ ಕೇಳುವುದನ್ನು ಕಲಿಸಿದಳು' ಅನ್ನುವ ಮಾತಿನ ಮೇಲೆ ನನ್ನ ತಕರಾರು. ಆ ಚಳಿಗಾಲದಲ್ಲಿ ಒಂದು ಮಗು ನನಗೆ ಸರಿಯಾದ ಪ್ರಶ್ನೆಯನ್ನೇ ಕೇಳಿತ್ತು. ಅದಕ್ಕೆ ನಾನು ಏನು ಮಾಡಿದೆ ಎಂಬುದು ಯಾವ ಸಮಾರಂಭದಲ್ಲೂ ಬರುವುದಿಲ್ಲ.

ಊಟವಾದ ಮೇಲೆ ಮೇಡಂ ತಮ್ಮ ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿದರು. ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ, ಬಹುಮಾನ ತಂದ ಆ ಕಾರ್ಡು. ಅಂಗೈ ಅಗಲದ ಮದುವೆ ಕಾಗದ, ಅದರ ಹಿಂಬದಿ, ಪೂರ್ತಿ ಕಪ್ಪು. ಮೇಲೆ ಸವರಿದ್ದ ವ್ಯಾಸಲಿನ್ ಒಣಗಿ ಅಂಚಿನಲ್ಲಿ ಹಳದಿಗೆ ತಿರುಗಿತ್ತು. "ಹೊಸ ಹೆಡ್‌ಮಾಸ್ಟ್ರಿಗೂ ಹೇಳೀನಿ, ಇದನ್ನ ಮಾತ್ರ ತೆಗೀಬ್ಯಾಡ್ರಿ ಅಂತ" ಎಂದರು. ನಾನು ಏನೋ ನೆವ ಹೇಳಿ ಹೊರಬಿದ್ದೆ. ಬಸ್ಸಿಗೆ ನಡೆಯುವಾಗ ಓಣಿಯ ತಿರುವಿನಲ್ಲಿ ಆ ವಾಸನೆ ಬಂತು. ಕಾದ ಮರಳು, ಉಪ್ಪುನೀರು ಹಿಡಿದ ಅಕ್ಕಿ, ಸುಡುವ ಭತ್ತದ ಹೊಟ್ಟು. ಮಂಡಕ್ಕಿ ಹುರಿಯುವ ವಾಸನೆ ದಾವಣಗೆರೆಯವರಿಗೆ ಹಸಿವು ತರಿಸುತ್ತದೆ. ನನಗೆ ನಾಲ್ಕು ವರ್ಷದಿಂದ ತಲೆ ತಗ್ಗಿಸುವಂತೆ ಮಾಡುತ್ತಿದೆ.

ಆಗ ನಾನು ಬಿ.ಎಡ್. ಮುಗಿಸಿ ಹರಿಹರದ ಮನೆಯಲ್ಲಿ ಕೂತಿದ್ದೆ. ಅಪ್ಪನದು ದಾವಣಗೆರೆಯ ಮಂಡಿಪೇಟೆಯಲ್ಲಿ ಕಾಳಿನ ಸಗಟು ಅಂಗಡಿ. ಅತಿಥಿ ಶಿಕ್ಷಕಿ ಕೆಲಸ ಸಿಕ್ಕ ಮೇಲೆ ಬೆಳಗಿನ ಬಸ್ಸಿನಲ್ಲಿ ಇಬ್ಬರೂ ಒಟ್ಟಿಗೇ ಹೊರಡುತ್ತಿದ್ದೆವು, ಅವರು ಕಿಟಕಿಗೆ, ನಾನು ಪಕ್ಕಕ್ಕೆ. ಎದುರು ಸೀಟಿನವರಿಗೆ ನನ್ನನ್ನು ಪರಿಚಯಿಸುವಾಗ ಅಪ್ಪನಿಗೆ ಒಂದೇ ಮಾತು: "ವಾದಕ್ಕೆ ನಿಂತ್ರೆ ನಮ್ಮ ಹುಡುಗಿ ಗೋಡೆ ಕೈಲೂ ಹೌದು ಅನ್ನಿಸ್ತಾಳ್ರಿ." ಹೆಮ್ಮೆಯೋ ದೂರೋ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಅಮಾವಾಸ್ಯೆಯ ನಿಂಬೆಹಣ್ಣಿನಿಂದ ಹಿಡಿದು ರಾಹುಕಾಲದವರೆಗೆ ನಾನು ಸೋತ ವಾದವೇ ಇರಲಿಲ್ಲ. ಯಾರೂ ಬದಲಾದದ್ದೂ ಇರಲಿಲ್ಲ. ಅದು ನನಗೆ ಆಗ ವಿಚಿತ್ರವಾಗಿ ಕಂಡಿರಲಿಲ್ಲ.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ನಂಬಿಕೆಗೂ ಮಾತಿಗೂ ಸಂಬಂಧ ಇರಕೂಡದು, ಅದೇ ಆ ಆಟದ ಚಂದ. ನಮ್ಮನ್ನು ತಯಾರು ಮಾಡುತ್ತಿದ್ದ ಮೇಷ್ಟ್ರು ಒಂದು ನಿಯಮ ತಲೆಗೆ ಹೊಡೆದು ಕೂರಿಸಿದ್ದರು: ನಿನಗೇ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಎದುರಾಳಿಗೆ ಯಾವತ್ತೂ ಕೇಳಬೇಡ. ಕೇಳುವುದು ತಿಳಿಯಲಿಕ್ಕಲ್ಲ, ಕಟ್ಟಿಹಾಕಲಿಕ್ಕೆ.

ಇಂಥವಳಿಗೆ ಆರನೇ ತರಗತಿಯ ವಿಜ್ಞಾನ ಕೊಟ್ಟರು. ಕೊಠಡಿಯ ಬೋರ್ಡಿನ ಮೇಲ್ಭಾಗದಲ್ಲಿ ನಾನು ಮೊದಲ ದಿನವೇ ದೊಡ್ಡದಾಗಿ ಬರೆದೆ: ಹೆಂಗೆ ಗೊತ್ತು? ಪುಸ್ತಕದ ಭಾಷೆಯಲ್ಲಿ ಬರೆದಿದ್ದರೆ ಅದು ಇನ್ನೊಂದು ಪಾಠವಾಗುತ್ತಿತ್ತು, ಅದಕ್ಕೆ ಹಾಗೆಯೇ ಬರೆದೆ. ಯಾರು ಏನು ಹೇಳಿದರೂ ಮಕ್ಕಳು ಇದನ್ನು ಕೇಳಬೇಕು, ನನ್ನನ್ನೂ ಕೇಳಬೇಕು. ದಸರೆ ರಜೆಯ ಹೊತ್ತಿಗೆ ಅದು ಶಾಲೆಯ ಗೇಟು ದಾಟಿ ಮನೆಮನೆಗೆ ಹೋಗಿತ್ತು. ಒಂದು ಮಧ್ಯಾಹ್ನ ಹಣೆಯ ಮೇಲೆ ಹೊಟ್ಟಿನ ಧೂಳು ಅಂಟಿಸಿಕೊಂಡ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತರು. "ನಾನು ರೇಣುಕನ ತಾಯಿ ರೀ, ಕೆಂಚಮ್ಮ. ಏನ್ ಕಲಿಸ್ತಿದ್ದೀರಿ ಮಿಸ್? ಸಾರಿಗೆ ಉಪ್ಪು ಹಾಕೀನಿ ಅಂದ್ರೆ ಹೆಂಗೆ ಗೊತ್ತು ಅಂತಾಳೆ."

"ರುಚಿ ನೋಡು ಅನ್ರಿ" ಎಂದೆ.

"ಅಂದೆ. ನೋಡಿ, ಇಲ್ಲ ಅಂದ್ಲು." ಕೆಂಚಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಖರೇನ ಹಾಕಿರ್ಲಿಲ್ಲ."

ರೇಣುಕಾ ಎರಡನೇ ಬೆಂಚಿನ ಹುಡುಗಿ. ಸಣ್ಣ ಮೈ, ದೊಡ್ಡ ಜಡೆ, ಉತ್ತರ ಹೇಳುವಾಗ ಮೇಲೆ ಸೂರು ನೋಡುವ ಅಭ್ಯಾಸ. ಅಪ್ಪ ಹಾಲಪ್ಪ, ಅಮ್ಮ ಕೆಂಚಮ್ಮ ಹರಪನಹಳ್ಳಿ ಕಡೆಯ ಹಳ್ಳಿಯಿಂದ ಬಂದು, ಓಣಿಯ ಕೊನೆಯಲ್ಲಿ ಒಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದು ಮಂಡಕ್ಕಿ ಭಟ್ಟಿ ನಡೆಸುತ್ತಿದ್ದರು. ಹಾಲಪ್ಪ ಒಲೆಗೆ ಹೊಟ್ಟು ತಳ್ಳುತ್ತಾ ಬಾಣಲಿಯ ಮರಳು ಕಾಯಿಸುವುದು, ಕೆಂಚಮ್ಮ ಉಬ್ಬಿದ ಮಂಡಕ್ಕಿಯನ್ನು ಜರಡಿ ಹಿಡಿಯುವುದು. ಮನೆಯೂ ಅದರ ಹಿಂದೆಯೇ.

ಹೆಸರುಕಾಳಿನ ಪ್ರಯೋಗದ ದಿನ ನಾನು ಈ ಹುಡುಗಿಯನ್ನು ಗುರುತಿಸಿದೆ. ಅಪ್ಪನ ಅಂಗಡಿಯಿಂದ ಕಾಳು ತಂದು ಮಕ್ಕಳಿಗೆ ಹಂಚಿದ್ದೆ. ಎರಡು ಮುಚ್ಚಳದಲ್ಲಿ ಇಡಬೇಕು, ಒಂದಕ್ಕೆ ನೀರು, ಇನ್ನೊಂದಕ್ಕೆ ಇಲ್ಲ. ಉಳಿದದ್ದೆಲ್ಲ ಒಂದೇ ಥರ ಇರಬೇಕು, ಒಂದೇ ಒಂದು ಸಂಗತಿ ಬದಲಾಗಬೇಕು, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಹೇಳಲಿಕ್ಕೆ ಬರುವುದಿಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಮುಂದಿನ ವಾರ ಒಬ್ಬ ಹುಡುಗ ತಂದು ತೋರಿಸಿದ. ನೀರು ಹಾಕಿದ್ದು ಕಿಟಕಿಯ ಬಿಸಿಲಲ್ಲಿ, ಹಾಕದ್ದು ಮಂಚದ ಕೆಳಗೆ ಇಟ್ಟಿದ್ದನಂತೆ. ಎಲ್ಲರೂ ಅವನ ಮೊಳಕೆ ನೋಡಿ ಖುಷಿಪಡುತ್ತಿದ್ದಾಗ ರೇಣುಕಾ ಸೂರು ನೋಡುತ್ತಾ ಹೇಳಿದಳು: "ಇದು ಲೆಕ್ಕಕ್ಕಿಲ್ಲ ಮಿಸ್. ಎರಡು ಬದಲಾಗೈತೆ." ಆ ಸಂಜೆ ಬಸ್ಸಿನಲ್ಲಿ ಅಪ್ಪನಿಗೆ ಅದನ್ನೇ ಹೇಳಿದೆ, ಹರಿಹರದ ಸೇತುವೆ ಕಾಣುವವರೆಗೂ ಅದನ್ನೇ ಹೇಳಿದೆ. ನನ್ನ ಮಾತು ಒಂದು ತಲೆಯೊಳಗೆ ಇಳಿದು ಕೂತದ್ದನ್ನು ಅವತ್ತೇ ಮೊದಲು ಕಂಡಿದ್ದೆ.

ಚಳಿ ಶುರುವಾಯಿತು. ದಾವಣಗೆರೆಯ ಚಳಿಯಲ್ಲಿ ಬೆಳಗಿನ ಹೊಗೆ ಮೇಲೇಳುವುದಿಲ್ಲ. ಓಣಿಯ ಮೇಲೆ ಹಾಸಿದ ಹಾಗೆ ಬಿದ್ದುಕೊಂಡಿರುತ್ತದೆ. ಪ್ರಾರ್ಥನೆಯಲ್ಲಿ ಮಕ್ಕಳು ಕೆಮ್ಮುತ್ತಿದ್ದರು. ಆಗಲೇ ವಸ್ತುಪ್ರದರ್ಶನದ ಸುತ್ತೋಲೆ ಬಂತು. ಗಾಳಿಯ ಮೇಲೆ ಏನಾದರೂ ಮಾಡೋಣ ಅಂತ ನಾನೇ ಅಂದೆ. ಉಪಾಯ ಸರಳ. ಅಪ್ಪನ ಅಂಗಡಿಯಲ್ಲಿ ರಾಶಿ ಬಿದ್ದಿದ್ದ ಹಳೆಯ ಮದುವೆ ಕಾಗದಗಳ ಬಿಳಿ ಹಿಂಬದಿಗೆ ವ್ಯಾಸಲಿನ್ ಸವರಿ ಬೇರೆ ಬೇರೆ ಕಡೆ ಕಟ್ಟುವುದು. ಗಾಳಿಯಲ್ಲಿ ಇರುವುದು ಅಂಟಿಕೊಳ್ಳುತ್ತದೆ. ಸೋಮವಾರ ಕಟ್ಟಿ ಶನಿವಾರ ಬಿಚ್ಚುವುದು. ಹೊರಗೆ, ಕೈ ಎಟುಕುವಷ್ಟು ಎತ್ತರದಲ್ಲಿ. ಶಾಲೆಯ ಮರಕ್ಕೆ ಒಂದು, ಆಟೋ ಸ್ಟ್ಯಾಂಡಿಗೆ ಒಂದು, ಮಂಡಿಪೇಟೆಯ ನಮ್ಮ ಅಂಗಡಿಯ ಬೋರ್ಡಿಗೆ ಒಂದು, ಹರಿಹರದಲ್ಲಿ ಹೊಳೆಯ ಕಡೆ ಮುಖ ಮಾಡಿದ ನಮ್ಮ ಮನೆಯ ತಂತಿಗೆ ಒಂದು. ಭಟ್ಟಿಗೆ ರೇಣುಕಾ ಒಯ್ದಳು.

ಶನಿವಾರ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಹೊಳೆಯ ಕಡೆಯದು ಸುಮಾರಾಗಿ ಬಿಳಿ. ಶಾಲೆಯದು ಮಾಸಲು. ಮಂಡಿಪೇಟೆ, ಆಟೋ ಸ್ಟ್ಯಾಂಡು ಬೂದು. ಕೊನೆಗೆ ರೇಣುಕಾ ತನ್ನದನ್ನು ಇಟ್ಟಳು. ಕಾಡಿಗೆ ಬಳಿದ ಹಾಗೆ ಇತ್ತು. ನಾನು ಎಷ್ಟೋ ವೇದಿಕೆ ಹತ್ತಿ ಇಳಿದವಳು, ಗೆಲ್ಲುವ ವಸ್ತು ಎದುರಿಗೆ ಬಂದರೆ ನನಗೆ ತಿಳಿಯುತ್ತದೆ.

"ಮಿಸ್" ಎಂದಳು ರೇಣುಕಾ. "ನಂದು ಒಲೆ ಮ್ಯಾಲಿನ ಬಿದಿರ ಗಳಕ್ಕೆ ಕಟ್ಟಿತ್ತು. ಹೊರಗೆ ಕಟ್ಟಿದ್ರೆ ಆಡು ತಿಂತಾವೆ ಅಂತ ನಮ್ಮಪ್ಪ ಒಳಗೆ ಕಟ್ಟಿದ. ಉಳಿದವರದೆಲ್ಲ ಹೊರಗೆ ಐತೆ."

"ಸರಿ, ಅದಕ್ಕೆ?"

"ಒಲೆ ಮ್ಯಾಲೆ ಎಲ್ಲಿ ಕಟ್ಟಿದ್ರೂ ಕಪ್ಪೇ ಆಗ್ತೈತಲ್ರೀ. ನಮ್ಮ ಭಟ್ಟಿ ಗಾಳಿ ಕೆಟ್ಟೈತೆ ಅಂತ ಇದ್ರಿಂದ ಹೆಂಗೆ ಗೊತ್ತು?"

ನಾನು ಬೋರ್ಡಿನ ಮೇಲೆ ಬರೆದದ್ದೇ ನನ್ನೆದುರು ನಿಂತಿತ್ತು, ಸೂರು ನೋಡುತ್ತಾ. ಅವಳು ಹೇಳಿದ್ದು ಸರಿ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅಷ್ಟು ಮಕ್ಕಳ ಕಣ್ಣು ಆ ಕಪ್ಪು ಕಾರ್ಡಿನ ಮೇಲಿತ್ತು, ನನ್ನ ಬಾಯಿಗೆ ಹಳೆಯ ಚಾಳಿ ಬಂತು.

"ರೇಣುಕಾ, ನಿಮ್ಮವ್ವ ದಿನಾ ಎಲ್ಲಿ ಕೂತು ಕೆಲಸ ಮಾಡ್ತಾರೆ?"

"ಒಲೆ ಹತ್ರ ರೀ."

"ಹೊರಗೋ, ಒಳಗೋ?"

"ಒಳಗೆ."

"ಹಂಗಾದ್ರೆ ಅವರು ಉಸಿರಾಡೋ ಗಾಳಿ ಯಾವುದು? ಆಡು ಮೇಯೋ ಕಡೆಯದಾ?"

ಮಕ್ಕಳು ನಕ್ಕರು. ರೇಣುಕಾ ಸೂರಿನಿಂದ ಕಣ್ಣು ಇಳಿಸಿದಳು. "ಒಳಗಿನದು."

"ಮತ್ತೆ ನಿಮ್ಮವ್ವನ ಗಾಳಿ ಹೆಂಗೈತೆ ಅಂತ ತಿಳೀಬೇಕಾದ್ರೆ ಕಾರ್ಡು ಎಲ್ಲಿ ಕಟ್ಟಬೇಕು?"

ಯಾರೋ ಚಪ್ಪಾಳೆ ತಟ್ಟಿದರು, ಉಳಿದವರು ಕೂಡಿಕೊಂಡರು.

ಆ ವಾದದಲ್ಲಿ ನಾನು ಒಂದೂ ಸುಳ್ಳು ಹೇಳಿಲ್ಲ. ಪ್ರಶ್ನೆಯನ್ನು ಬದಲಿಸಿದೆ, ಅಷ್ಟೇ. ಅವಳು ಕೇಳಿದ್ದು ಈ ಐದು ಕಾರ್ಡುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಬಹುದೇ ಎಂದು. ನಾನು ಉತ್ತರಿಸಿದ್ದು ಅವಳ ಅಮ್ಮ ಯಾವ ಗಾಳಿ ಕುಡಿಯುತ್ತಾರೆ ಎಂದು. ಎರಡೂ ಒಳ್ಳೆಯ ಪ್ರಶ್ನೆಗಳೇ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಕೇಳುವವರಿಗೆ ಗೊತ್ತಾಗುವುದಿಲ್ಲ ಎಂಬುದನ್ನು ನಾನು ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಕಲಿತಿದ್ದೆ. ಅದನ್ನು ಹನ್ನೊಂದು ವರ್ಷದ ಹುಡುಗಿಯ ಮೇಲೆ ಬಳಸಿದೆ, ಅದೂ ಅವಳ ತಾಯಿಯನ್ನೇ ಅಡ್ಡ ಇಟ್ಟು.

ಗಂಟೆ ಹೊಡೆದ ಮೇಲೆ ಅವಳು ಮೇಜಿನ ಹತ್ತಿರ ಬಂದಳು. "ಮಿಸ್, ಇನ್ನೊಂದು ಕಾರ್ಡು ಕೊಡ್ರಿ. ಹೊರಗೆ ಬೇವಿನ ಗಿಡಕ್ಕೆ ಕಟ್ತೀನಿ. ಆಡು ಬರದಂಗೆ ನಾನೇ ಕಾಯ್ತೀನಿ."

"ಈಗ ಬ್ಯಾಡ ಪುಟ್ಟಿ, ಟೈಮಿಲ್ಲ" ಎಂದೆ. ಟೈಮಿತ್ತು. ಪ್ರದರ್ಶನಕ್ಕೆ ಇನ್ನೂ ಪೂರ್ತಿ ಒಂದು ವಾರವಿತ್ತು. ಆ ವಾರವನ್ನು ನಾನು ಅವಳ ಭಾಷಣಕ್ಕೆ ಬಳಸಿದೆ.

ನಮ್ಮ ತರಗತಿಯಲ್ಲಿ ಯಾರು ಯಾವ ಕಡೆ ಮಾತಾಡಬೇಕು ಅನ್ನುವುದಕ್ಕೆ ಒಂದು ಡಬ್ಬಿ ಇತ್ತು, ಮಕ್ಕಳು ಅದರಿಂದ ಚೀಟಿ ಎತ್ತುತ್ತಿದ್ದರು. ಆ ಸಲ ಡಬ್ಬಿ ಕಪಾಟಿನಲ್ಲೇ ಉಳಿಯಿತು. "ಚೀಟಿ ಎತ್ತಲ್ಲೇನ್ ಮಿಸ್?" ಎಂದು ರೇಣುಕಾನೇ ಕೇಳಿದಳು. "ಈ ಸಲ ನೀನೇ" ಎಂದೆ. ಎದುರಾಳಿಯ ಮನೆಯಿಂದಲೇ ಎದ್ದು ಬಂದ ಸಾಕ್ಷಿಯಷ್ಟು ಬಲವಾದದ್ದು ಯಾವುದೂ ಇಲ್ಲ ಎಂಬುದು ವಾದ ಮಾಡುವವರೆಲ್ಲ ಬಲ್ಲ ಸಂಗತಿ. ಭಟ್ಟಿಯ ಮಗಳು ಭಟ್ಟಿಯ ಹೊಗೆಯ ಬಗ್ಗೆ ಮಾತಾಡಿದರೆ ಯಾರು ಎದುರಾಡುತ್ತಾರೆ? ಸಂಜೆ ಮಕ್ಕಳೆಲ್ಲ ಹೋದ ಮೇಲೆ ವರಾಂಡದಲ್ಲಿ ನಿಲ್ಲಿಸಿ ಹೇಳಿಕೊಟ್ಟೆ. ಎಲ್ಲಿ ತಡೆಯಬೇಕು, ಎಲ್ಲಿ ದನಿ ಇಳಿಸಬೇಕು, ಕಾರ್ಡನ್ನು ಯಾವಾಗ ಎತ್ತಿ ಹಿಡಿಯಬೇಕು. 'ನಮ್ಮವ್ವ' ಅನ್ನುತ್ತಿದ್ದಳು, ತಿದ್ದಿ 'ನನ್ನ ತಾಯಿ' ಅನ್ನಿಸಿದೆ. ಕೊನೆಯ ಸಾಲು ಪೂರ್ತಿ ನನ್ನದು. ಅದನ್ನು ಬರೆದ ದಿನ ಬಸ್ಸಿನಲ್ಲಿ ನನಗೆ ನಾನೇ ಒಪ್ಪಿಗೆಯಾಗಿದ್ದೆ.

ಪ್ರದರ್ಶನ ದಾವಣಗೆರೆಯ ಒಂದು ಹೈಸ್ಕೂಲಿನ ಸಭಾಂಗಣದಲ್ಲಿ. ಜ್ವಾಲಾಮುಖಿ, ಹನಿ ನೀರಾವರಿ, ಥರ್ಮೋಕೋಲಿನ ಸೌರವ್ಯೂಹ, ಇವುಗಳ ನಡುವೆ ನಮ್ಮದು ಐದು ಮದುವೆ ಕಾಗದ. ಕೆಂಚಮ್ಮ ಒಳ್ಳೆಯ ಸೀರೆ ಉಟ್ಟು, ತಲೆಗೆ ಹೂ ಮುಡಿದು ಬಂದು ಹಿಂದಿನ ಕುರ್ಚಿಯಲ್ಲಿ ಕೂತಿದ್ದರು. ಆ ದಿನದ ಮಟ್ಟಿಗೆ ಹಾಲಪ್ಪ ಒಬ್ಬರೇ ಭಟ್ಟಿ ನೋಡಿಕೊಳ್ಳುತ್ತೇನೆಂದು ಕಳಿಸಿದ್ದರಂತೆ. ಮಗಳು ಏನು ಮಾತಾಡುತ್ತಾಳೆ ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದೆಯೇ ಎಂದು ನಾನೂ ಕೇಳಿರಲಿಲ್ಲ.

ರೇಣುಕಾ ಒಂದು ಪದವನ್ನೂ ಬಿಡಲಿಲ್ಲ. ತೀರ್ಪುಗಾರರಲ್ಲಿ ಒಬ್ಬರು, ಕನ್ನಡಕ ಹಣೆಗೆ ಏರಿಸಿ, ಕಪ್ಪು ಕಾರ್ಡನ್ನು ಹತ್ತಿರ ಹಿಡಿದು ಕೇಳಿದರು: "ಇದನ್ನ ಎಲ್ಲಿ ಕಟ್ಟಿದ್ದಮ್ಮ?" ಅವಳು ನನ್ನ ಕಡೆ ನೋಡಿದಳು. ನಾನು ಹೇಳಿಕೊಟ್ಟಿದ್ದ ಉತ್ತರ ಅವಳಿಗೆ ಮರೆತಿರಲಿಲ್ಲ, ನೆನಪಿತ್ತು, ಅದಕ್ಕೇ ನೋಡಿದಳು. ನಾನು ತಲೆಯಾಡಿಸಿದೆ. "ನಮ್ಮ ಭಟ್ಟಿ ಹತ್ರ ರೀ" ಎಂದಳು. ಆಮೇಲೆ ಕಾರ್ಡು ಎತ್ತಿ ಹಿಡಿದು, ದನಿ ಇಳಿಸಿ, ನನ್ನ ಕೊನೆಯ ಸಾಲು ಹೇಳಿದಳು: "ನನ್ನ ತಾಯಿಯ ಎದೆಯೊಳಗೂ ಇಂಥದೇ ಒಂದು ಕಾರ್ಡು ಇದೆ. ಅದನ್ನು ಬಿಚ್ಚಿ ತೋರಿಸಲು ನನ್ನಿಂದ ಆಗುವುದಿಲ್ಲ."

ಸಭೆಯಲ್ಲಿ ಚಪ್ಪಾಳೆ ಬಿತ್ತು. ತಾಯಿ ಇಲ್ಲೇ ಇದ್ದಾರಂತೆ ಎಂದು ಯಾರೋ ಅಂದರು. ಎಲ್ಲರೂ ಹಿಂದೆ ತಿರುಗಿ ನೋಡಿದರು. ಕೆಂಚಮ್ಮ ಎಲ್ಲಿ ನೋಡಬೇಕೆಂದು ತಿಳಿಯದೆ, ಎದೆಯ ಮೇಲಿನ ಸೆರಗನ್ನು ಎಳೆದು ಸರಿಮಾಡಿಕೊಂಡು, ಬಿಗಿಯಾಗಿ ಹಿಡಿದು ಕೂತರು. ಅಷ್ಟು ಜನ ಒಟ್ಟಿಗೆ ತಮ್ಮ ಎದೆಯ ಕಡೆ ನೋಡಿದರೆ ಒಬ್ಬ ಹೆಂಗಸಿಗೆ ಹೇಗಾಗುತ್ತದೆ ಎಂದು ನನಗೆ ಆಗ ಹೊಳೆಯಲಿಲ್ಲ. ನಾನೂ ಹೆಂಗಸೇ. ನಾನು ಆ ಹೊತ್ತಿನಲ್ಲಿ ತೀರ್ಪುಗಾರರ ಪೆನ್ನು ನೋಡುತ್ತಿದ್ದೆ.

ಪತ್ರಿಕೆಯಲ್ಲಿ ಫೋಟೋ ಬಂತು. ಕಪ್ಪು ಕಾರ್ಡು ಹಿಡಿದ ಹುಡುಗಿ, ಪಕ್ಕದಲ್ಲಿ ಮೇಡಂ, ಇನ್ನೊಂದು ಪಕ್ಕ ನಾನು. ಶೆಡ್ಡಿನ ಯಜಮಾನರು ಮಂಡಿಪೇಟೆಯ ಕಡೆಯವರು. ಆ ಜಾಗದಲ್ಲಿ ಬಾಡಿಗೆ ಮನೆ ಕಟ್ಟಿಸಬೇಕೆಂದು ಅವರಿಗೆ ಮೊದಲಿನಿಂದಲೂ ಇತ್ತು ಅನ್ನುವುದು ಆಮೇಲೆ ನನಗೆ ತಿಳಿದ ಸಂಗತಿ. ಹಾಗಾದರೆ ಹೇಗಿದ್ದರೂ ಅವರು ಶೆಡ್ಡು ಬಿಡಿಸುತ್ತಿದ್ದರಲ್ಲವೇ, ಪತ್ರಿಕೆ ಬರೀ ನೆವ ಅಲ್ಲವೇ? ಈ ವಾದವನ್ನು ನಾನು ನನ್ನೊಂದಿಗೇ ಎಷ್ಟೋ ಸಲ ಮಾಡಿದ್ದೇನೆ, ಪರವೂ ನಾನೇ, ವಿರೋಧವೂ ನಾನೇ. ಪ್ರತಿ ಸಲ ಗೆದ್ದಿದ್ದೇನೆ. ಗೆದ್ದ ಮೇಲೂ ಏನೂ ಹಗುರಾಗಿಲ್ಲ.

ಸಂಕ್ರಾಂತಿ ಕಳೆದ ಮೇಲೆ ರೇಣುಕಾ ಶಾಲೆಗೆ ಬರುವುದು ತಪ್ಪಿತು. ನಾನು ಶೆಡ್ಡಿಗೆ ಹೋದೆ. ಒಲೆ ಆರಿತ್ತು. ಹಾಲಪ್ಪ ಬಾಣಲಿಯ ಮರಳನ್ನು ಗೋಣಿಚೀಲಕ್ಕೆ ಸುರಿಯುತ್ತಿದ್ದವರು ನನ್ನನ್ನು ನೋಡಿ ತಲೆಯ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಮತ್ತೆ ಸುರಿಯಲು ಶುರುಮಾಡಿದರು. ಪಾತ್ರೆಗಳ ಮೂಟೆಯ ಪಕ್ಕದಲ್ಲಿದ್ದ ಕೆಂಚಮ್ಮ ಎದ್ದರು.

"ಬರ್ರಿ ಮಿಸ್. ಕೂಡ್ರಿ ಅನ್ನಾಕೆ ಜಾಗ ಇಲ್ಲ ನೋಡ್ರಿ."

"ಏನಾಯ್ತು?" ಎಂದೆ. ಗೊತ್ತಿದ್ದೂ ಕೇಳಿದೆ.

"ಯಜಮಾನ್ರು ಪೇಪರ್ ಹಿಡ್ಕಂಡು ಬಂದಿದ್ರು. ಯಾಕ್ರೀ ಬಿಡಬೇಕು ಅಂದ್ವಿ. 'ನಾನೇನ್ ಹೇಳಿಲ್ಲಮ್ಮ, ನಿನ್ ಮಗಳೇ ಹೇಳ್ಯಾಳಲ್ಲ' ಅಂದ್ರು. ಅದಕ್ಕೆ ಏನ್ ಮಾತಾಡ್ಲಿ ಹೇಳ್ರಿ?"

ಗೋಡೆಯ ಕೈಲೂ ಹೌದು ಅನ್ನಿಸುವವಳು ನಾನು. "ನಾನು ಬಂದು ಅವರ ಹತ್ರ ಮಾತಾಡ್ಲಾ?" ಎಂದೆ.

"ಬ್ಯಾಡ್ರಿ" ಎಂದರು ಕೆಂಚಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ದಣಿದವರು ತಲೆಯ ಮೇಲಿಂದ ಒಂದು ಭಾರ ಇಳಿಸುವ ಹಾಗೆ ಹೇಳಿದರು: "ನೀವು ಮಾತಾಡಿದ್ದು ಸಾಕು ಮಿಸ್."

ರೇಣುಕಾ ಹೊರಗೆ ಬೇವಿನ ಗಿಡದ ಕೆಳಗೆ ತಮ್ಮ ಮನೆಯ ಜರಡಿಗಳನ್ನು ಒಂದರೊಳಗೊಂದು ಇಡುತ್ತಿದ್ದಳು. ನಾನು ಅವಳನ್ನು ಮಾತಾಡಿಸದೆ ಬಂದೆ.

ಅವರು ಹೋದದ್ದು ಹರಿಹರಕ್ಕೆ. ಕೆಂಚಮ್ಮನ ಅಣ್ಣ ಅಲ್ಲಿದ್ದರಂತೆ. ಹೊಳೆಯ ಕಡೆ ಹೋಗುವ ರಸ್ತೆಯಲ್ಲಿ ಮಂಡಕ್ಕಿ ಮಿರ್ಚಿಯ ಗಾಡಿ ಹಾಕಿದರು. ನನ್ನ ಊರು, ನಮ್ಮ ಮನೆಯಿಂದ ಕೂಗಳತೆ. ಇದು ಗೊತ್ತಾದ ದಿನದಿಂದ ನಾನು ಬಸ್ ಸ್ಟ್ಯಾಂಡಿನಿಂದ ಮನೆಗೆ ಸುತ್ತು ಹಾಕಿಕೊಂಡು ಹೋಗುವುದನ್ನು ರೂಢಿ ಮಾಡಿಕೊಂಡೆ. ಕಾರಣ ಕೇಳಿದವರಿಗೆ ನಡೆದರೆ ಆರೋಗ್ಯಕ್ಕೆ ಒಳ್ಳೆಯದು ಎಂದೆ. ಮುಂದಿನ ವರ್ಷ ಬೇರೆ ಶಾಲೆಗೆ ಹೋದೆ. ಅಲ್ಲಿ ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ.

ಮೊನ್ನೆ ಆ ಸಮಾರಂಭದಿಂದ ಬಂದು ಹರಿಹರದಲ್ಲಿ ಬಸ್ಸಿಳಿದಾಗ ಕಾಲು ರೂಢಿಯಂತೆ ಸುತ್ತಿನ ದಾರಿಗೇ ತಿರುಗಿತು. ನಿಂತೆ. ತಿರುಗಿ, ನೇರ ರಸ್ತೆಗೆ ನಡೆದೆ. ಇಳಿಬಿಸಿಲು ಹೊಳೆಯ ಕಡೆಯಿಂದ ಕಣ್ಣಿಗೆ ಹೊಡೆಯುತ್ತಿತ್ತು. ಗಾಡಿಯ ಮುಂದೆ ಗಿರಾಕಿ ಇರಲಿಲ್ಲ. ಕೆಂಚಮ್ಮ ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಿದ್ದರು. ಪಕ್ಕದಲ್ಲಿ ಹೈಸ್ಕೂಲಿನ ಸಮವಸ್ತ್ರದಲ್ಲೇ ಒಬ್ಬಳು ಈರುಳ್ಳಿ ಹೆಚ್ಚುತ್ತಿದ್ದಳು. ಜಡೆಯಿಂದ ಗುರುತು ಹಿಡಿದೆ.

"ಬರ್ರಿ ಮಿಸ್" ಎಂದರು ಕೆಂಚಮ್ಮ, ಎಣ್ಣೆಯಿಂದ ಕಣ್ಣೆತ್ತದೆ. "ನಾಲ್ಕು ವರ್ಷ ಆ ಕಡೆ ರಸ್ತೆಯಾಗೆ ಹೋಗ್ತಿದ್ರಿ. ಇವತ್ತು ಈ ಕಡೆ ಹೆಂಗೆ?"

ಅವರಿಗೆ ಎಲ್ಲ ಗೊತ್ತಿತ್ತು. ನಾನು ಗಾಡಿಯ ಅಂಚು ಹಿಡಿದು ನಿಂತೆ. ಹಾಲಪ್ಪ ಹೇಗಿದ್ದಾರೆ ಎಂದೆ. ಬೇರೆಯವರ ಭಟ್ಟಿಯಲ್ಲಿ ಕೆಲಸ ಮಾಡ್ತಾರೆ ಅಂದರು. ನಿಮ್ಮ ಆರೋಗ್ಯ ಎಂದೆ. "ಕೆಮ್ಮಾ? ಐತೆ. ಆವಾಗ ಹೊಟ್ಟಿನ ಹೊಗಿ, ಈಗ ಎಣ್ಣೆ ಹೊಗಿ" ಎಂದು ನಕ್ಕರು. ರೇಣುಕಾ ಈಗ ಹತ್ತನೇ ತರಗತಿ, ಮುಂದೆ ಸೈನ್ಸು ತಗೋಬೇಕೋ ಬ್ಯಾಡೋ ಅಂತ ಮನೆಯಲ್ಲಿ ದಿನಾ ಗಲಾಟೆ ಅಂದರು. ಬೇಕು ಅನ್ನುವವರು ಯಾರು, ಬೇಡ ಅನ್ನುವವರು ಯಾರು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಏನಾದರೂ ಹೇಳಬೇಕಲ್ಲ ಎಂದು, ಆ ಕಾರ್ಡು ಈಗಲೂ ಶಾಲೆಯ ಗೋಡೆಯ ಮೇಲಿದೆ, ಗಾಜು ಹಾಕಿಸಿದ್ದಾರೆ ಎಂದೆ.

"ಯಾವ್ದು, ಒಳಗಿನದಾ ಹೊರಗಿನದಾ?" ಎಂದರು ಕೆಂಚಮ್ಮ.

"ಹೊರಗಿನದು ಅಂದ್ರೆ?"

"ಬೇವಿನ ಗಿಡಕ್ಕೆ ಒಂದು ಕಟ್ಟಿದ್ಲಲ್ರೀ. ಯಾರದೋ ಮದುವಿ ಕಾಗದ ಹುಡುಕಿ, ನನ್ ತಲೆ ಎಣ್ಣೆ ಹಚ್ಚಿ. ಆಡು ಬರ್ತಾವೆ ಅಂತ ಸಾಲಿಯಿಂದ ಬಂದ ಕೂಡ್ಲೆ ಕಾಯ್ತಾ ಕೂಡ್ತಿದ್ಲು, ಪೂರ್ತಿ ಒಂದು ವಾರ. ಸ್ಪರ್ಧೆ ದಿನ ಚೀಲದಾಗೆ ಇಟ್ಕಂಡೇ ಬಂದಿದ್ಲು, ಮಿಸ್ಸಿಗೆ ತೋರಿಸ್ತೀನಿ ಅಂತ." ಜಾಲರಿ ಸೌಟಿನಲ್ಲಿ ಮಿರ್ಚಿ ಎತ್ತಿ ಎಣ್ಣೆ ಸೋರಲು ಬಿಟ್ಟು ನನ್ನನ್ನು ನೋಡಿದರು. "ತೋರಿಸ್ಲಿಲ್ಲೇನ್ರಿ?"

"ಅವ್ವಾ, ಬಿಡು" ಎಂದಳು ರೇಣುಕಾ. ಅವಳ ಮೊದಲ ಮಾತು ಅದು.

ಬಿಡಬಹುದಿತ್ತು. ಹೊರಗಿನ ಕಾರ್ಡೂ ಕಪ್ಪಾಗಿದ್ದರೆ ನಾನು ಕೆಟ್ಟ ಪ್ರಯೋಗದಿಂದ ಸರಿಯಾದ ಮಾತು ಹೇಳಿಸಿದೆ ಎಂದಾಗುತ್ತದೆ, ಕೊನೆಗೂ ನನ್ನ ಕಡೆಯೇ ಗೆಲ್ಲುತ್ತದೆ. ಬೂದು ಇದ್ದರೆ, ಮಂಡಿಪೇಟೆಯ ನಮ್ಮ ಅಂಗಡಿಯ ಬೋರ್ಡಿನಷ್ಟೇ ಬೂದು ಇದ್ದರೆ, ಆ ಶೆಡ್ಡು, ಆ ಬಾಣಲಿ, ಸಭೆಯಲ್ಲಿ ಕೆಂಚಮ್ಮ ಸೆರಗು ಬಿಗಿಹಿಡಿದು ಕೂತ ಆ ಹೊತ್ತು, ಇವೆಲ್ಲ ಯಾತಕ್ಕಾಗಿ ಹೋದವು? ಮತ್ತು ಸಭಾಂಗಣದಲ್ಲಿ ಎಲ್ಲಿ ಕಟ್ಟಿದ್ದಮ್ಮ ಎಂದು ಕೇಳಿದಾಗ ನನ್ನ ಕಡೆ ನೋಡಿದ್ದಳಲ್ಲ, ಕೈ ಚೀಲದ ಮೇಲಿತ್ತೇ? ನನಗೆ ನೆನಪಿಲ್ಲ. ನಾನು ನೋಡಿರಲಿಲ್ಲ.

ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬೇಡ ಎಂದು ಕಲಿತವಳು ನಾನು. ಅವಳು ಈರುಳ್ಳಿಯ ಮೇಲೆ ಚಾಕು ನಿಲ್ಲಿಸಿ, ತಲೆಯೆತ್ತಿ, ಗಾಡಿಯ ಮೇಲೆ ಎಳೆದು ಕಟ್ಟಿದ್ದ ನೀಲಿ ತಾಡಪಾಲನ್ನು ನೋಡುತ್ತಿದ್ದಳು, ಹಿಂದೆ ಸೂರು ನೋಡುತ್ತಿದ್ದ ಹಾಗೆಯೇ.

"ರೇಣುಕಾ" ಎಂದೆ. "ಬೇವಿನ ಗಿಡಕ್ಕೆ ಕಟ್ಟಿದ್ದು ಎಷ್ಟು ಕಪ್ಪಾಗಿತ್ತು?"